ಅಳಿಯನ ದೀಪಾವಳಿಗೆ ಅರವತ್ತು ಕಪ್ ಪನ್ನಾಕೋಟ

ಬಲಿಪಾಡ್ಯಮಿಯ ಬೆಳಿಗ್ಗೆ ಆರೂವರೆಗೆ ಫ್ರಿಜ್ಜಿನಿಂದ ಒಂದು ಕಪ್ ತೆಗೆದು ಮೆಲ್ಲಗೆ ಅಲ್ಲಾಡಿಸಿದೆ. ಒಳಗಿದ್ದ ಪನ್ನಾಕೋಟ ಬಳುಕಿತು. ನಿಂತಿತು ಅನ್ನುವಷ್ಟರಲ್ಲಿ ಇನ್ನೊಮ್ಮೆ ಬಳುಕಿತು. ಒಂದೂವರೆ ತಿಂಗಳಿಂದ ಹಟ ಹಿಡಿದು ಮಾಡಿದ ಯಾವ ಪ್ರಯೋಗದಲ್ಲೂ ಅದು ಹೀಗೆ ಬಳುಕಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಬಳುಕಾಟವೇ ಇನ್ನು ಹತ್ತು ನಿಮಿಷದಲ್ಲಿ ನನ್ನ ಕುತ್ತಿಗೆಗೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ತುಮಕೂರಿನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ಕೇಕಿನ ಕೆಲಸ. ಈ ಆರ್ಡರು ಗುಬ್ಬಿಯ ಒಂದು ತೆಂಗಿನಕಾಯಿ ವ್ಯಾಪಾರದ ಮನೆಯದು. ಆ ಮನೆಯ ಯಜಮಾನಿಯನ್ನು ನಾನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಕೇಕ್ ಮೇಡಂ ಅನ್ನುತ್ತಾರೆ. ಅವರ ಮಗಳಿಗೆ ಮದುವೆಯಾಗಿ ಐದು ತಿಂಗಳಾಗಿತ್ತು. ಅಳಿಯ ಕುಣಿಗಲಿನವರು, ಕಾರ್ಖಾನೆಯ ಕೆಲಸದ ಮೇಲೆ ಇಟಲಿಗೆ ಹೋಗಿ ಮೂರು ತಿಂಗಳು ಇದ್ದು ಬಂದವರು. ಅಲ್ಲಿ ಊಟದ ಮೇಲೆ ದಿನಾ ಪನ್ನಾಕೋಟ ತಿನ್ನುತ್ತಿದ್ದೆ ಅಂತ ಅವರು ಆಡಿದ ಒಂದು ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಅಳಿಯನ ಮೊದಲ ದೀಪಾವಳಿಗೆ ಹೋಳಿಗೆಯ ಜೊತೆ ಅದೂ ಆಗಲೇಬೇಕು ಅಂತ ತೀರ್ಮಾನವಾಯಿತು. ಬೀಗರ ಕಡೆಯವರೆಲ್ಲ ಸೇರಿ ಅರವತ್ತು ಕಪ್.

ಆರ್ಡರು ಕೊಟ್ಟ ದಿನವೇ ಅಕ್ಕ ಒಂದು ಮಾತು ಹೇಳಿದ್ದರು. "ನಮ್ಮತ್ತೆ ಇದಾರೆ ಮೇಡಂ. ಮೊಟ್ಟೆ ಹಂಗಿರ್ಲಿ, ಹೊರಗಿನ ಕಾಫಿನೂ ಕುಡಿಯೋರಲ್ಲ. ಲಿಂಗ ಕಟ್ಕೊಂಡಿರೋ ಜೀವ. ನಂಬ್ಕೆ ಬಂದ್ರೆ ಮಾತ್ರ ತಿಂತಾರೆ. ನಿಮ್ ಮೇಲೆ ಬಿಟ್ಟಿದೀನಿ."

ಪನ್ನಾಕೋಟ ಹೇಳುವುದಕ್ಕೆ ಸುಲಭ. ಹಾಲು, ಕ್ರೀಮು, ಸಕ್ಕರೆ ಕಾಯಿಸಿ, ಹೆಪ್ಪಾಗಲು ಒಂದು ಪುಡಿ ಬೆರೆಸಿ, ಕಪ್ಪಿಗೆ ಹುಯ್ದು ತಣ್ಣಗಿಡುವುದು. ಕಷ್ಟವೆಲ್ಲ ಆ ಪುಡಿಯದು. ಇಟಲಿಯವರು ಹಾಕುವುದು ಜೆಲಟಿನ್, ಅದು ಪ್ರಾಣಿಗಳ ಮೂಳೆ ಮತ್ತು ತೊಗಲಿನಿಂದ ಬರುತ್ತದೆ. ನಾನು ಹಾಕುವುದು ಅಗರ್, ಕಡಲ ಪಾಚಿಯದು. ಎರಡರ ಸ್ವಭಾವ ಉತ್ತರ ದಕ್ಷಿಣ. ಜೆಲಟಿನ್ನನ್ನು ಕುದಿಸಬಾರದು. ಅಗರ್ ಕುದಿಯದಿದ್ದರೆ ಕರಗುವುದೇ ಇಲ್ಲ. ಜೆಲಟಿನ್ ಫ್ರಿಜ್ಜಿನಲ್ಲಿ ಗಂಟೆಗಟ್ಟಲೆ ಇದ್ದರೆ ಮಾತ್ರ ಹೆಪ್ಪಾಗುತ್ತದೆ, ಬಾಯಿಯ ಬಿಸಿಗೆ ಕರಗಿಹೋಗುತ್ತದೆ. ಅಗರ್ ಮೇಜಿನ ಮೇಲೇ ಮುಕ್ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಬಿಸಿಲಿಗಿಟ್ಟರೂ ಜಪ್ಪಯ್ಯ ಅನ್ನುವುದಿಲ್ಲ. ಆದರೆ ಬಳುಕುವುದೂ ಇಲ್ಲ, ಚಮಚ ಹಾಕಿದರೆ ಮುರಿಯುತ್ತದೆ. ಅದನ್ನು ಬಳುಕಿಸುವುದಕ್ಕೇ ನಾನು ಒಂದೂವರೆ ತಿಂಗಳು ಒದ್ದಾಡಿದ್ದು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೇಕರಿ ಸಾಮಾನಿನ ಅಂಗಡಿಗೆ ಹೋದರೆ ನಾನು ಯಾವಾಗಲೂ ಒಯ್ಯುವ ಅಗರ್ ಡಬ್ಬಿ ಖಾಲಿ. ಅಂಗಡಿಯವನು ಒಳಗಿನಿಂದ ಒಂದು ಬಿಡಿ ಕವರ್ ತಂದು ತೂಗಿದ. "ಅದೇ ಮೇಡಂ ಇದು, ದೊಡ್ಡ ಪ್ಯಾಕಿಂದ ತೆಗ್ದಿರೋದು. ವೆಜ್ಜೇ, ಕಣ್ಮುಚ್ಕೊಂಡು ತಗೊಂಡೋಗಿ" ಅಂದ. ನಾನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ತಂದೆ. ಹೊಸ ಪುಡಿ ಯಾವುದೇ ಬರಲಿ, ಮೊದಲು ಒಂದು ಬಟ್ಟಲಲ್ಲಿ ಕುದಿಸಿ, ಮೇಜಿನ ಮೇಲಿಟ್ಟು ನೋಡುವುದು ನಾನೇ ಮಾಡಿಕೊಂಡ ಕಟ್ಟಳೆ. ಅವತ್ತು ಬಿಟ್ಟೆ. ಹಬ್ಬದ ಕೇಕುಗಳು ಬೇರೆ ಕಾಯುತ್ತಿದ್ದವು. ನೀರಿಗೆ ಹಾಕಿದಾಗ ಪುಡಿ ನೆನೆದ ಸಬ್ಬಕ್ಕಿಯ ಹಾಗೆ ಉಬ್ಬಿದ್ದನ್ನು ಈ ಎರಡು ಕಣ್ಣಿನಿಂದ ನೋಡಿದೆ, ಬೇರೆ ಕಂಪನಿಯದು ಹೀಗಿರಬಹುದು ಅಂದುಕೊಂಡೆ. ಮೇಜಿನ ಮೇಲೆ ಜಾಗವಿಲ್ಲದೆ ಕಪ್ಪುಗಳನ್ನು ಸೀದಾ ಫ್ರಿಜ್ಜಿಗೆ ತುಂಬಿದೆ. ಮೂರು ಕಡೆ ಎಚ್ಚರಿಕೆ ಸಿಕ್ಕಿತ್ತು, ಮೂರನ್ನೂ ತಳ್ಳಿದವಳು ನಾನೇ. ಬೇರೆಯವರ ಅಡುಗೆಮನೆಯಲ್ಲಿ ಇಂಥದ್ದು ನಡೆದಿದ್ದರೆ ಜನ್ಮ ಜಾಲಾಡಿಸುತ್ತಿದ್ದೆ.

ಅವತ್ತು ಸಂಜೆ ಅಕ್ಕ ಹೂವು, ಬಟ್ಟೆಗೆ ಅಂತ ತುಮಕೂರಿಗೆ ಬಂದವರು ರುಚಿ ನೋಡಲು ಎರಡು ಕಪ್ ಒಯ್ದರು. ಮನೆ ಸೇರಿ ಫೋನು ಮಾಡಿದರು. "ಮೇಡಂ, ನಮ್ಮತ್ತೆ ಇಡೀ ಕಪ್ ಖಾಲಿ ಮಾಡವ್ರೆ! ಬಾಯಿಗಿಟ್ರೆ ಕರಗೋಯ್ತದೆ ಕಣೇ ಅಂತ ಊರಿಗೆಲ್ಲ ಹೇಳ್ತಾವ್ರೆ. ನಾಳೆ ನಂಗೆ ಎರಡು ಎತ್ತಿಡು ಅಂದವ್ರೆ!" ಬಾಯಿಗಿಟ್ಟರೆ ಕರಗುತ್ತದೆ ಅಂದ ಮಾತನ್ನೂ ನಾನು ಹೊಗಳಿಕೆ ಅಂತಲೇ ಕೇಳಿಸಿಕೊಂಡೆ.

ಮತ್ತೆ ಬಲಿಪಾಡ್ಯಮಿಯ ಬೆಳಿಗ್ಗೆಗೆ ಬರುತ್ತೇನೆ. ಮೇಲೆ ಹುಯ್ಯಲು ಬೆಲ್ಲದ ಪಾಕ ಕಾಸಿದ್ದೆ. ಅದು ಇನ್ನೂ ಬೆಚ್ಚಗಿತ್ತು, ಆತುರಕ್ಕೆ ಒಂದು ಕಪ್ಪಿನ ಮೇಲೆ ಒಂದು ಚಮಚ ಹುಯ್ದು ನೋಡಿದೆ. ಅಗರ್ ಆಗಿದ್ದರೆ ಪಾಕ ಮೇಲೆ ಕನ್ನಡಿಯ ಹಾಗೆ ನಿಲ್ಲಬೇಕು. ಇದು ಮೆಲ್ಲಗೆ ತಗ್ಗಾಯಿತು. ಪಾಕ ಕೆಳಕ್ಕೆ ಇಳಿಯಿತು, ಬಿಳಿ ಮೇಲಕ್ಕೆ ಬಂತು, ಅರ್ಧ ನಿಮಿಷದಲ್ಲಿ ಕಪ್ಪಿನಲ್ಲಿ ಕದಡಿದ ಕಾಫಿಯ ಬಣ್ಣದ ನೀರಿತ್ತು.

ಇನ್ನೊಂದು ಕಪ್ಪಿನಿಂದ ಒಂದು ತುಣುಕು ಅಂಗೈಯಲ್ಲಿಟ್ಟುಕೊಂಡೆ. ಅದೂ ಕರಗಿ ಬೆರಳ ಸಂದಿಯಿಂದ ಇಳಿಯಿತು. ಆದರೂ ಮನಸ್ಸು ಒಪ್ಪಲಿಲ್ಲ. ಉಳಿದಿದ್ದ ಪುಡಿಯನ್ನು ಒಂದು ಚಿಟಿಕೆ ಹಳೆಯ ಚಮಚಕ್ಕೆ ಹಾಕಿ ಒಲೆಯ ಉರಿಗೆ ಹಿಡಿದೆ. ಪಾಚಿಯ ಪುಡಿ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ. ಇದು ಗುಳ್ಳೆ ಬಂದು ಕಪ್ಪಾಗಿ ಸುಟ್ಟ ಕೂದಲಿನ ವಾಸನೆ ಹೊಡೆಯಿತು.

ನನ್ನ ನಾದಿನಿ ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾಳೆ. ವಾಸನೆಗೆ ಓಡಿಬಂದವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಚಮಚ ನೋಡಿದಳು, ಕಪ್ ನೋಡಿದಳು, ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಹಿಂದಿನ ದಿನ ಇಬ್ಬರೂ ರುಚಿ ನೋಡಿದ್ದೆವು. ಯಾವ ಪ್ರಾಣಿಯದೋ ಗೊತ್ತಿಲ್ಲದ ಜೆಲಟಿನ್ ನಮಗೂ ಹರಾಮೇ. ನಾನೂ ಮುಕ್ಕಳಿಸಿದೆ, ಮನಸ್ಸಿನಲ್ಲೇ ಮಾಫಿ ಕೇಳಿಕೊಂಡೆ. ಆದರೆ ಅಕ್ಕನ ಅತ್ತೆ, ಗುಬ್ಬಿಯ ಆ ಅಜ್ಜಿಯ ಬಾಯಿ ಮುಕ್ಕಳಿಸುವವರು ಯಾರು?

"ಭಾಬಿ, ಇದನ್ನೆಲ್ಲ ಚೆಲ್ಲೋಣ, ಬೇರೆ ಮಾಡಿ ಕೊಡೋಣ. ನಿನ್ನೆದು ಮಾತ್ರ ಹೇಳೋದು ಬೇಡ" ಅಂದಳು ನಾದಿನಿ. ಮನೆಯಲ್ಲಿ ನಾವು ಆಡುವುದು ಉರ್ದು. ಯಾವ ಭಾಷೆಯಲ್ಲಿ ಹೇಳಿದರೂ ಆ ಮಾತು ಹಿತವಾಗಿಯೇ ಇತ್ತು. ಮೊದಲು ಕೆಲಸ ಅಂದೆ.

ಐವತ್ತೆಂಟು ಕಪ್ಪುಗಳನ್ನೂ ಮೋರಿಗೆ ಸುರಿದು, ಕಪ್ಪುಗಳನ್ನು ಕಸಕ್ಕೆ ಹಾಕಿದೆವು. ಊಟ ಒಂದೂಕಾಲಿಗೆ. ಈಗ ಏಳು ಗಂಟೆ. ಸಾಮಾನಿನ ಅಂಗಡಿಗೆ ಹಬ್ಬದ ಬೀಗ. ತೆರೆದಿದ್ದರೂ ಅವನ ಮುಖ ನೋಡಿದ್ದರೆ ಕೆಲಸ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆಗ ಹೊಳೆದದ್ದು ಚೈನಾ ಗ್ರಾಸ್. ಅದೂ ಅದೇ ಕಡಲ ಪಾಚಿ, ಪುಡಿಯಾಗುವ ಮುಂಚಿನ ಒಣ ಎಳೆ. ರಂಜಾನಿನಲ್ಲಿ ನಮ್ಮ ಮೊಹಲ್ಲಾದ ಯಾವ ಮನೆಯಲ್ಲೂ ಇಫ್ತಾರಿಗೆ ಚೈನಾ ಗ್ರಾಸಿನ ಸಿಹಿ ತಪ್ಪುವುದಿಲ್ಲ. ಎಲ್ಲರೂ ಒಂದು ಪ್ಯಾಕೆಟ್ ಜಾಸ್ತಿಯೇ ತಂದಿರುತ್ತಾರೆ, ಅದು ಡಬ್ಬಿಯ ತಳದಲ್ಲಿ ಮುಂದಿನ ರಂಜಾನಿನವರೆಗೆ ಮಲಗಿರುತ್ತದೆ. ನಾದಿನಿ ಒಂದು ಸಾಲು, ನಾನು ಒಂದು ಸಾಲು ಹಿಡಿದು ಬಾಗಿಲು ತಟ್ಟಿದೆವು. ರಜೆಯ ದಿನ ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದ ಒಬ್ಬಾಕೆ, "ಬೆಳಿಗ್ಗೆ ಬೆಳಿಗ್ಗೆ ನಿನಗೆ ಬಯಕೆನಾ?" ಅಂತ ಗೇಲಿ ಮಾಡಿದಳು. ಎಂಟು ಗಂಟೆಯೊಳಗೆ ಏಳು ಪ್ಯಾಕೆಟ್ ಆಯಿತು. ಆರು ಲೀಟರಿಗೆ ಆರು ಸಾಕು.

ಕ್ರೀಮಿನದೇ ಕಷ್ಟ. ಮೂರು ಲೀಟರ್ ಬೇಕು, ಹಾಲಿನ ಬೂತಿನಲ್ಲಿ ಸಿಕ್ಕಿದ್ದು ಒಂದೂವರೆ. ಉಳಿದದ್ದಕ್ಕೆ ತೆಂಗಿನ ಹಾಲು ಹಾಕಬಹುದು, ಅದಕ್ಕೆ ಗುಬ್ಬಿಯ ಆ ಮನೆಗಿಂತ ಒಳ್ಳೆಯ ಜಾಗ ಯಾವುದು? ಅಲ್ಲೇ ಹೋಗಿ ಮಾಡುವುದು ಅಂತ ತೀರ್ಮಾನಿಸಿದೆ. ಇನ್ನೊಂದು ಕಾರಣವೂ ಇತ್ತು. ಹೇಳುವುದಿದ್ದರೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಬಾಕಿ ಕೇಕುಗಳನ್ನು ನಾದಿನಿಗೆ ಒಪ್ಪಿಸಿ, ಹೊಸ ಕಪ್ಪಿನ ಕಟ್ಟು, ಚೈನಾ ಗ್ರಾಸ್, ಬೆಲ್ಲದ ಪಾಕ, ಕ್ರೀಮು, ಹಾಲು, ಐಸು ಹೇರಿಕೊಂಡು ನಮ್ಮ ಹಳೆಯ ವ್ಯಾನಿನಲ್ಲಿ ಒಬ್ಬಳೇ ಹೊರಟೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸುತ್ತಿದ್ದೆ. ಗುಬ್ಬಿ ಸೇರುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಹಿತ್ತಲಲ್ಲಿ ಶಾಮಿಯಾನ ಹಾಕಿ ಅಡುಗೆಯವರು ಹೋಳಿಗೆಯ ಹೂರಣ ರುಬ್ಬಿಸುತ್ತಿದ್ದರು. ಅಕ್ಕನನ್ನು ಬಾವಿಕಟ್ಟೆಯ ಹತ್ತಿರ ಕರೆದು ನಡೆದದ್ದಷ್ಟನ್ನೂ ಹೇಳಿದೆ. ಅವರ ಕೈ ಬಾಯಿಗೆ ಹೋಯಿತು.

"ಅಯ್ಯೋ ಶಿವ್ನೇ! ನಾನೂ ತಿಂದ್ನಲ್ಲ ಮೇಡಂ!"

"ತಪ್ಪು ನಂದೇ ಅಕ್ಕ. ನಾನು ಪರೀಕ್ಷೆ ಮಾಡ್ಬೇಕಿತ್ತು."

ಅಕ್ಕ ಒಮ್ಮೆ ಮನೆಯ ಕಡೆ ತಿರುಗಿ ನೋಡಿ ದನಿ ಇಳಿಸಿದರು. "ನಂದು ಹಾಳಾಗೋಗ್ಲಿ. ಅತ್ತೆಗೆ ಮಾತ್ರ ಹೇಳ್ಬೇಡಿ, ನಿಮ್ಗೆ ಕೈ ಮುಗೀತೀನಿ. ಬೀಗ್ರು ಬರೋ ಹೊತ್ತು. ಅವ್ರು ಉಪವಾಸ ಅಂತ ಕೋಣೆ ಸೇರ್ಕೊಂಡ್ರೆ ನಾನು ಬೀಗರ ಮುಂದೆ ಏನ್ ಹೇಳ್ಲಿ? ಗೊತ್ತಿಲ್ದೆ ತಿಂದಿದ್ಕೆ ದೋಷ ಇಲ್ಲ ಬುಡಿ. ಬೇರೆ ಮಾಡ್ಕೊಡಿ, ಅಷ್ಟು ಸಾಕು."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಮನೆಯವರೇ ಬೇಡ ಅಂದ ಮೇಲೆ ನನ್ನದೇನು? ಅಡುಗೆಯವರು ಗೊಣಗುತ್ತಲೇ ಒಂದು ಒಲೆ ಬಿಟ್ಟುಕೊಟ್ಟರು. "ಹೋಳಿಗೆ ಐತೆ, ಪಾಯ್ಸ ಐತೆ, ಇದ್ಯಾವ್ದಮ್ಮ ಇಟ್ಲಿ ತಿಂಡಿ?" ಅಂದರು. ಕಡಬದ ಕಡೆಯ ತೋಟದ ಕಾಯಿ ರಾಶಿ ಬಿದ್ದಿತ್ತು. ಹತ್ತು ಕಾಯಿ ತುರಿಸಿ, ಬಿಸಿನೀರು ಹಾಕಿ, ಬಿಳಿ ಪಂಚೆಯ ತುಂಡಿನಲ್ಲಿ ಹಿಂಡುತ್ತಾ ಕುಳಿತೆ. ಚೈನಾ ಗ್ರಾಸ್ ಒಂದು ಪಾತ್ರೆಯಲ್ಲಿ ನೆನೆಯುತ್ತಿತ್ತು.

ಆಗ ಅಜ್ಜಿ ಬಂದರು. ಸಣ್ಣ ದೇಹ, ಹಣೆಯ ತುಂಬ ವಿಭೂತಿ. ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ನನ್ನನ್ನೇ ನೋಡಿ ನಕ್ಕರು.

"ಏನವ್ವ, ನೀನೇನಾ ಅದ್ನ ಮಾಡ್ದೋಳು? ಅದ್ರ ರುಚಿ ಇನ್ನೂ ಬಾಯಾಗೆ ಐತೆ ಕಣವ್ವ. ಅದಕ್ಕೆ ಏನೇನ್ ಹಾಕ್ತೀಯ, ಒಂದೀಟು ಹೇಳು. ಯಡಿಯೂರಾಗೆ ನಮ್ ತಂಗಿ ಅವ್ಳೆ. ಅವ್ಳಿಗೂ ಹೇಳ್ಕೊಟ್ರೆ ಮಾಡ್ತಾಳೆ. ಅವ್ಳೂ ನನ್ನಂಗೆ ಹೊರಗಿನ್ದು ಮುಟ್ಟಕಿಲ್ಲ."

"ಹಾಲು ಅಜ್ಜಿ" ಅಂದೆ. "ಕ್ರೀಮು. ಸಕ್ಕರೆ."

"ಹೂಂ, ಆಮ್ಯಾಕೆ?"

ಅಕ್ಕ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡುತ್ತಿದ್ದರು. ಕಡಲ ಪಾಚಿ ಅಂತ ಒಂದು ಮಾತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅದು ಇವತ್ತಿನ ಮಟ್ಟಿಗೆ ಸುಳ್ಳೂ ಅಲ್ಲ. ಆದರೆ ಅಜ್ಜಿ ಕೇಳಿದ್ದು ನಿನ್ನೆ ತಿಂದದ್ದರ ವಿಚಾರ. ಇಷ್ಟು ದಿನ ಯಾರ ಕೈಯಲ್ಲೂ ತಿನ್ನದವರು ನನ್ನನ್ನು ನಂಬಿ ಬಾಯಿ ತೆರೆದಿದ್ದರು. ನನ್ನ ಬಾಯಿಗೆ ಯಾರಾದರೂ ತಿನ್ನಬಾರದ್ದನ್ನು ಹಾಕಿ, ಆಮೇಲೆ ಗೊತ್ತಿದ್ದೂ ನನ್ನ ಜೊತೆ ನಗುತ್ತಾ ಮಾತಾಡಿದರೆ ನಾನು ಸತ್ತರೂ ಕ್ಷಮಿಸುವವಳಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ.

"ಅಜ್ಜಿ, ನಿನ್ನೆ ನೀವು ತಿಂದದ್ರಲ್ಲಿ ತಪ್ಪಾಗೋಗಿದೆ. ಅಂಗಡಿಯವ್ನು ಪಾಚಿ ಪುಡಿ ಅಂತ ಬೇರೆ ಪುಡಿ ಕೊಟ್ಟಿದ್ದ. ಅದು ಪ್ರಾಣಿ ಮೂಳೆಯಿಂದ ಮಾಡೋದು. ನಂಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ."

ಅಜ್ಜಿಯ ಮುಖದ ನಗು ತಕ್ಷಣ ಹೋಗಲಿಲ್ಲ, ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಅಲ್ಲೇ ಇತ್ತು. ಅದನ್ನು ನೋಡಲಾರದೆ ನಾನು ಒಲೆಯ ಕಡೆ ತಿರುಗಿದೆ.

"ಯಾವ ಪ್ರಾಣೀದು?"

"ಗೊತ್ತಿಲ್ಲ ಅಜ್ಜಿ."

"ಬೇಕೂ ಅಂತ ಹಾಕ್ದಾ?"

"ಇಲ್ಲ. ಆದ್ರೆ ನೋಡಿ ಹಾಕ್ಬೇಕಿತ್ತು, ನೋಡ್ಲಿಲ್ಲ."

"ನೀನೂ ತಿಂದ್ಯಾ?"

"ರುಚಿ ನೋಡಕ್ಕೆ ಮೂರು ಚಮಚ ತಿಂದೆ."

"ನಿಮ್ಮೋರಿಗೆ ಅದು ಆಯ್ತದಾ?"

"ಯಾವ ಪ್ರಾಣಿನೋ, ಹೆಂಗೆ ಕೊಯ್ದಿದ್ದೋ ಗೊತ್ತಿಲ್ದಿದ್ರೆ ನಮ್ಗೂ ಆಗಲ್ಲ."

ಅಜ್ಜಿ ಸೆರಗಿನಿಂದ ತುಟಿ ಒರೆಸಿಕೊಂಡರು. "ಮತ್ತೆ ನೀನೇನ್ ಮಾಡ್ದೆ?"

"ಬಾಯಿ ಮುಕ್ಕಳಿಸ್ದೆ. ದೇವ್ರತ್ರ ಮಾಫಿ ಕೇಳ್ದೆ."

"ಹೂಂ" ಅಂದು ಅಜ್ಜಿ ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವ ಸದ್ದು ಕೇಳಿತು, ತಂಬಿಗೆ ತಂಬಿಗೆಯಾಗಿ, ಬಹಳ ಹೊತ್ತು. ಅಕ್ಕ ನನ್ನ ಹತ್ತಿರ ಬಂದು, "ನಾನೇನ್ ಕೇಳ್ಕೊಂಡೆ, ನೀವೇನ್ ಮಾಡಿದ್ರಿ ಮೇಡಂ?" ಅಂದರು. ಕಣ್ಣಲ್ಲಿ ನೀರಿತ್ತು. ಆಮೇಲೆ ಊಟದವರೆಗೂ ನನ್ನ ಕಡೆ ತಿರುಗಲಿಲ್ಲ. ವ್ಯಾನು ಹತ್ತಿ ಓಡಿಹೋಗೋಣ ಅನ್ನಿಸಿತು. ಆದರೆ ಹತ್ತೂಕಾಲಾಗಿತ್ತು, ಕಪ್ಪುಗಳು ಖಾಲಿ ಇದ್ದವು.

ಮನಸ್ಸು ನೆಟ್ಟಗಿಲ್ಲದಾಗ ಕೈಯೂ ನೆಟ್ಟಗಿರುವುದಿಲ್ಲ. ಚೈನಾ ಗ್ರಾಸ್ ಹತ್ತು ನಿಮಿಷ ಕುದಿಸಿ, ಎಳೆಯೆಲ್ಲ ಕರಗಿದ ಮೇಲೆ ಸೋಸಿ, ಹಾಲು ಕ್ರೀಮಿನ ಪಾತ್ರೆಗೆ ಹುಯ್ದೆ. ಕ್ರೀಮು ಐಸಿನ ಪೆಟ್ಟಿಗೆಯಿಂದ ಆಗತಾನೇ ತೆಗೆದದ್ದು, ಬೆಚ್ಚಗೆ ಮಾಡುವುದನ್ನೇ ಮರೆತಿದ್ದೆ. ತಣ್ಣನೆಯದಕ್ಕೆ ತಾಗಿದ್ದೇ ತಡ, ಪಾಚಿಯ ನೀರು ಅಲ್ಲಲ್ಲೇ ಹೆಪ್ಪುಗಟ್ಟಿ ಪಾತ್ರೆಯ ತುಂಬ ಶಾವಿಗೆ ತೇಲಿತು. ಅಡುಗೆಯವರು ಇಣುಕಿ ನೋಡಿ, "ಒಡೀತಾ?" ಅಂದರು. ಅವರ ದನಿಯಲ್ಲಿದ್ದ ಸಂತೋಷ ನನಗೆ ಕೇಳಿಸದೆ ಹೋಗಲಿಲ್ಲ.

ಒಂದು ಸಮಾಧಾನ ಅಂದರೆ, ಪಾಚಿಯನ್ನು ಮತ್ತೆ ಕುದಿಸಿದರೆ ಮತ್ತೆ ಕರಗುತ್ತದೆ. ತೆಂಗಿನ ಹಾಲು ಜೋರಾಗಿ ಕುದಿದರೆ ಒಡೆಯುತ್ತದೆ, ಪುಣ್ಯಕ್ಕೆ ಅದನ್ನಿನ್ನೂ ಸೇರಿಸಿರಲಿಲ್ಲ. ಉರಿ ಹೆಚ್ಚಿಸಿ, ತಳ ಹತ್ತದ ಹಾಗೆ ಸೌಟು ಆಡಿಸುತ್ತಾ ನಿಂತೆ. ಕೈ ಸೋತು ಬಂತು. ಶಾವಿಗೆ ಮೊದಲು ಚೂರಾಯಿತು, ಆಮೇಲೆ ರವೆಯಾಯಿತು, ಇಪ್ಪತ್ತು ನಿಮಿಷಕ್ಕೆ ಪೂರ್ತಿ ಮಾಯವಾಯಿತು. ಉರಿ ಆರಿಸಿ, ಬೇರೆ ಒಲೆಯಲ್ಲಿ ಬೆಚ್ಚಗೆ ಮಾಡಿಟ್ಟ ತೆಂಗಿನ ಹಾಲನ್ನು ಸಣ್ಣ ಧಾರೆಯಲ್ಲಿ ಬೆರೆಸಿದೆ.

ತಲೆ ಎತ್ತಿದರೆ ಅಜ್ಜಿ ಎದುರಿಗಿದ್ದರು. ಒದ್ದೆ ಕೂದಲು, ಹೊಸ ವಿಭೂತಿ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಒಲೆಯ ಪಕ್ಕದಲ್ಲೇ ಕುಳಿತರು. ಉಳಿದಿದ್ದ ಏಳನೆಯ ಪ್ಯಾಕೆಟ್ಟಿನಿಂದ ಒಂದು ಎಳೆ ಎಳೆದು ಬೆಳಕಿಗೆ ಹಿಡಿದು ನೋಡಿದರು.

"ಇದೇನಾ ಪಾಚಿ?"

"ಹೂಂ ಅಜ್ಜಿ."

"ಅದು ಮೂಳೆದು ಅಂತ ನಿಂಗೆ ಹೆಂಗ್ ಗೊತ್ತಾಯ್ತು?"

"ಸುಟ್ಟು ನೋಡ್ದೆ. ಕೂದ್ಲು ಸುಟ್ಟ ವಾಸ್ನೆ ಬಂತು."

"ಇದ್ನೂ ಸುಡು."

ಎಳೆಯ ತುದಿಯನ್ನು ಉರಿಗೆ ಹಿಡಿದು ಅವರ ಮುಂದೆ ಒಡ್ಡಿದೆ. ಬಗ್ಗಿ ಮೂಸಿದರು. ಎದ್ದು ಹೋಗಲಿಲ್ಲ. ಹನ್ನೊಂದೂಕಾಲಿಗೆ ನಾನು ಕಪ್ಪುಗಳಿಗೆ ಹುಯ್ಯಲು ಶುರುಮಾಡಿದೆ. ಅರವತ್ತನೆಯದು ತುಂಬುವವರೆಗೆ ಅವರು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡು ದಾಟುವಷ್ಟರಲ್ಲಿ ನೆರಳಿನಲ್ಲಿದ್ದ ಕಪ್ಪುಗಳೆಲ್ಲ ಹೆಪ್ಪಾದವು. ಐಸು ತುಂಬಿದ ಎರಡು ಬಾನಿಗಳಲ್ಲಿ ತಟ್ಟೆಯಿಟ್ಟು ಜೋಡಿಸಿದೆ. ಒಂದನ್ನು ಅಲ್ಲಾಡಿಸಿ ನೋಡಿದೆ, ಬಳುಕಲಿಲ್ಲ.

ಹನ್ನೆರಡೂವರೆಗೆ ಕುಣಿಗಲಿನ ಬೀಗರು ಎರಡು ಗಾಡಿಯಲ್ಲಿ ಬಂದಿಳಿದರು. ಅಕ್ಕ ಮುಖ ತೊಳೆದು ನಗು ಹಚ್ಚಿಕೊಂಡು ಓಡಾಡಿದರು. ಅಜ್ಜಿ ಕೋಣೆ ಸೇರಲಿಲ್ಲ, ಬೀಗಿತ್ತಿಯ ಕೈ ಹಿಡಿದು ನಡುಮನೆಯಲ್ಲಿ ಕೂರಿಸಿಕೊಂಡರು. ಆದರೆ ಪಂಕ್ತಿಯಲ್ಲಿ ಎಲೆ ಹಾಕಿದಾಗ ತನಗೆ ಆಮೇಲೆ ಅಂದುಬಿಟ್ಟರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೋಳಿಗೆ ಮುಗಿದ ಮೇಲೆ ಬೆಲ್ಲದ ಪಾಕ ಹುಯ್ದ ಕಪ್ಪುಗಳು ಹೋದವು. ಪಾಕ ಮೇಲೆಯೇ ನಿಂತಿತ್ತು. ಅಳಿಯ ಒಂದು ಚಮಚ ತಿಂದು, "ಅಲ್ಲಿ ಇಷ್ಟು ಗಟ್ಟಿ ಇರ್ತಿರ್ಲಿಲ್ಲ ಅತ್ತೆ. ಆದ್ರೆ ಈ ತೆಂಗಿನ ರುಚಿ ಅಲ್ಲೆಲ್ಲಿ?" ಅಂದು ಇನ್ನೆರಡು ಕೇಳಿದರು. ಅಕ್ಕ ಮೊದಲ ಸಲ ನನ್ನ ಕಡೆ ತಿರುಗಿ ಅರ್ಧ ಕಣ್ಣಿನಲ್ಲಿ ನೋಡಿದರು.

ನನಗೆ ಅದರಿಂದ ಏನೂ ಹಗುರವಾಗಲಿಲ್ಲ. ಪಾತ್ರೆಗಳನ್ನು ವ್ಯಾನಿಗೆ ಹೇರುತ್ತಿದ್ದೆ. ಅಜ್ಜಿಯ ದನಿ ಕೇಳಿತು.

"ಉಣ್ದಲೇ ಎಲ್ಲಿಗವ್ವ ಓಡ್ತೀಯ? ಬಾ ಇಲ್ಲಿ."

ಹಿಂಬಾಗಿಲ ಜಗಲಿಯಲ್ಲಿ ಎದುರುಬದುರಾಗಿ ಎರಡು ಎಲೆ ಹಾಕಿಸಿದ್ದರು. ಒಂದರ ಮುಂದೆ ಅವರು ಕುಳಿತಿದ್ದರು, ಇನ್ನೊಂದು ನನಗೆ. ಎರಡು ಎಲೆಗೂ ಒಂದೊಂದು ಕಪ್ ಇತ್ತು. ನಾನು ಕುಳಿತು ಹೋಳಿಗೆಗೆ ಕೈ ಹಾಕಿದೆ.

"ಅದು ಆಮ್ಯಾಕೆ. ಮೊದ್ಲು ಇದ್ನ ತಿನ್ನು" ಅಂದು ಅಜ್ಜಿ ತಮ್ಮ ಎಲೆಯ ಮುಂದಿದ್ದ ಕಪ್ಪನ್ನು ನನ್ನ ಕಡೆ ತಳ್ಳಿದರು.

ಬಿಸ್ಮಿಲ್ಲಾ ಅಂದುಕೊಂಡು ಒಂದು ಚಮಚ ತಿಂದೆ. ಗಂಟಲಲ್ಲಿ ಇಳಿಯುವವರೆಗೂ ನೋಡಿದರು. ಇನ್ನೊಂದು ಚಮಚ ತಿನ್ನಲು ಹೋದಾಗ ಕೈಯಿಂದ ಕಪ್ ತೆಗೆದುಕೊಂಡರು. ಒಂದು ಗಳಿಗೆ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, ಹೊಸ ಚಮಚದಲ್ಲಿ ಕಪ್ಪಿನ ಇನ್ನೊಂದು ಕಡೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಮೆಲ್ಲಗೆ ಅಗಿದರು.

"ನಿನ್ನೇದೇ ಚೆಂದಾಗಿತ್ತು ಕಣವ್ವ" ಅಂದರು ಅಜ್ಜಿ. ಅಂದು, ಕಪ್ಪಿನ ತಳ ಕಾಣುವವರೆಗೆ ತಿಂದರು.